ಬೆವರುವ ನೆಲ
ಸಿಂಧನೂರು ಬಸ್ ನಿಲ್ದಾಣದಲ್ಲಿ ಮಾಸುಂಬಿಯ ಪಕ್ಕ ಕೂತಿದ್ದ ಗಂಡ ಹೆಂಡತಿ ಮೆಲ್ಲಗೆ ಮಾತಾಡುತ್ತಿದ್ದರು. ಗಂಡನ ಕೈಯಲ್ಲಿ ಆಗಷ್ಟೇ ಕೊಂಡ ಬಣ್ಣದ ಡಬ್ಬಿಯಿತ್ತು.

“ವೆಲ್ಡಿಂಗ್ ಶೆಡ್ಡಿನ ನೆಲಕ್ಕ ಇದನ್ನ ಬಳದ್ರ ಬೆವರೂದು ನಿಂದರತೈತಿ.”

“ಬಣ್ಣಕ್ಕ ನಿಲ್ಲಂಗಿಲ್ರಿ. ಕಾಲುವಿಗೆ ನೀರು ಬಿಟ್ರ ಶೆಡ್ಡಿನ ತಳದಾಗಿನ ಎರಿ ಮಣ್ಣು ಹಸಿ ಆಗತೈತ್ರಿ. ಕಾಂಕ್ರೀಟ್ ಒಡಸ್ರಿ. ಗರಸು ಕಲ್ಲು ತುಂಬಿ, ಪ್ಲಾಸ್ಟಿಕ್ ಹಾಸಿ, ಹೊಸದು ಹಾಕಸ್ರಿ.”

“ಅಲ್ಲೀತನ ಕೆಲಸ ಬಂದ್ ಮಾಡ್ಲೇನು?”

“ಮಾಡ್ರಿ.”

“ಮೊನ್ನಿ ಹೊಡದದ್ದು ಸಣ್ಣ ಕರೆಂಟ್ ಶಾಕ್, ಗಂಗಾ. ನಾ ಎದ್ದು ಕುಂತ್ನಲ್ಲ.”

“ನೀವು ಆ ಹಸಿ ನೆಲದ ಮ್ಯಾಲ ಬಿದ್ದಾಗ ಮುಟ್ಟಾಕ ನನಗ ಧೈರ್ಯ ಆಗ್ಲಿಲ್ರಿ. ಬಾಗಲದಾಗ ನಿಂತು ನೋಡಿದೆ.”

ಮಾಸುಂಬಿ ಅರಿವಿಲ್ಲದೆಯೇ ತನ್ನ ಬರಿಗಾಲನ್ನು ನೆಲದಿಂದ ಮೇಲೆತ್ತಿಕೊಂಡಳು.

ಗಂಡ ಹೆಂಡತಿ ಕಾಯುತ್ತಿದ್ದ ತುರ್ವಿಹಾಳದ ಬಸ್ ಬಂದು ನಿಂತಿತು. ಗಂಡ ಅತ್ತ ನೋಡಲಿಲ್ಲ.

“ನಡಿ, ಡಬ್ಬಿ ವಾಪಸ್ ಕೊಟ್ಟು ಬರೂಣು,” ಎಂದ. ಇಬ್ಬರೂ ಬಣ್ಣದ ಅಂಗಡಿಯತ್ತ ನಡೆದರು.