ಹೊಸ ಆಟಗಾರನ ಮೂರು ಮ್ಯಾಚು

ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ತಮ್ಮೂರ ಫುಟ್‌ಬಾಲ್ ಕ್ಲಬ್ಬಿನ ವಿಷಯಕ್ಕೆ ಜಗಳಕ್ಕೇ ನಿಂತಿದ್ದರು. ಒಬ್ಬರು ಗದ್ದೆಗಳಿಗೆ ನಾಲೆ ನೀರು ಹಂಚುವ ನೀರಗಂಟಿ ನಿಂಗಯ್ಯ, ಇನ್ನೊಬ್ಬ ಅವರ ಸೋದರಳಿಯ ಚಲುವರಾಜು.

“ಮೂರು ಮ್ಯಾಚಾಯ್ತು ಕಣ್ಲಾ, ಆ ಹೊಸ ಮಿಡ್‌ಫೀಲ್ಡರ್ ಒಂದು ಗೋಲಾದ್ರೂ ಒಡುದ್ನಾ? ಭಾನುವಾರ ಆಡುಸ್ಬ್ಯಾಡಿ ಅಂತ ಕಮಿಟೀಲಿ ಯೋಳ್ತೀನಿ.”

“ನಮ್ಮೋರು ಒಡೆದ ಏಳು ಗೋಲಿಗೂ ಬಾಲ್ ಕೊಟ್ಟೋನು ಅವ್ನೇ ಕಣ್ ಮಾವ!”

“ತಾನೇ ಒಡೀಬೋದಿತ್ತಲ್ಲ?”

“ನಾಲೆ ನೀರು ಬುಡೋ ತೂಬು ನಿನ್ ಕೈಲೇ ಅದೆ. ಊರೋರ ಗದ್ದೆ ಬುಟ್ಟು ನಿನ್ ಗದ್ದೆಗೇ ಮೊದ್ಲು ನೀರು ತಿರುಗಿಸ್ಕೊಂಡಿದ್ದೀಯಾ?”

“ಇಪ್ಪತ್ತು ವರ್ಸದಲ್ಲಿ ಒಂದಿನಾನೂ ಇಲ್ಲ!”

“ಅವನೂ ಅಂಗೇ ಮಾವ.”

ಬಸ್ಸು ಬಂತು. ನಿಂಗಯ್ಯ ಹತ್ತಿದರು, ಚಲುವರಾಜು ಕೆಳಗೇ ನಿಂತ. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು:

“ಭಾನುವಾರ ಅವ್ನ ಯಾವನಾದ್ರೂ ಆಡುಸ್ದೆ ಆಚೆ ಕೂರ್ಸುದ್ರೆ ನಾ ಸುಮ್ಕಿರಾಕಿಲ್ಲ ಕಣ್ಲಾ!”