ಅಳಿಸಿದ ಮೇಲೂ ಓಡಿದ್ದು

ಒಂದು ಒಗಟು. ಓಟದಲ್ಲಿ ಇರಲೇ ಇಲ್ಲ, ಆದ್ರೂ ಮೊದಲು ಬಂತು. ಏನದು? ... ಬಿಡಿ, ತಲೆ ಕೆರ್ಕೋಬೇಡಿ. ನಮ್ಮಕ್ಕನಿಗೇ ಇನ್ನೂ ಗೊತ್ತಾಗಿಲ್ಲ.

ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು. ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದೆ. ಅವಳು ಕಂಪ್ಯೂಟರ್ ಪಂಡಿತೆ. ಜಾವಾಸ್ಕ್ರಿಪ್ಟ್ ಪ್ರೋಗ್ರಾಮ್ ಓಡೋಕೆ ರನ್‌ಟೈಮ್ ಅಂತ ಒಂದು ಬೇಕಂತೆ, ಗಾಡಿಗೆ ಎಂಜಿನ್ ಇದ್ದ ಹಾಗೆ. ಆಫೀಸಲ್ಲಿ ಹಳೇದೊಂದಿತ್ತು. ಇವಳು ಮೂರು ತಿಂಗಳು ಕೂತು ಎಲ್ಲಾನೂ ಹೊಸದಕ್ಕೆ ಬದಲಾಯಿಸಿದ್ಲು. ಹೊಸದೇ ಜೋರು ಅಂತ ಮಾರನೇ ಬೆಳಗ್ಗೆ ತೋರಿಸದಿದ್ರೆ ಅಷ್ಟೂ ಕೆಲಸ ಕಸದಬುಟ್ಟಿಗೆ.

ಯಾವುದು ಬೇಗ ಮುಗಿಸತ್ತೆ ಅಂತ ರಾತ್ರಿ ಎರಡನ್ನೂ ಓಡಿಸಿದ್ಲು. ಹೊಸದು ಗೆಲ್ತು. ಮತ್ತೆ ಓಡಿಸಿದ್ಲು. ಹಳೇದು ಗೆಲ್ತು. ಕಿಟಕಿ ತೆಗೆದ್ರೆ ಒಂದು, ಚಾರ್ಜರ್ ಕಿತ್ರೆ ಇನ್ನೊಂದು. ಪಕ್ಕದ ಸೀಟಿನ ಸೀನಿಯರ್ ಮನೆಗೆ ಹೊರಡ್ತಾ, "ಇನ್ನೊಂದ್ ಸಲ ಓಡಿಸಮ್ಮಾ" ಅಂತ ಹಲ್ಲು ಕಿರಿದ.

ಅಕ್ಕನಿಗೆ ಪಿತ್ತ ನೆತ್ತಿಗೇರ್ತು. "ಹಾಳಾಗ್ಹೋಗು!" ಅಂತ ಹೊಸ ರನ್‌ಟೈಮನ್ನೇ ಲ್ಯಾಪ್‌ಟಾಪಿಂದ ಅಳಿಸಿ ಹಾಕಿದ್ಲು. ಲ್ಯಾಪ್‌ಟಾಪ್ ಆರಿಸಿ, ಬ್ಯಾಗಿಗೆ ತುರುಕಿ, ಒಬ್ಬಳೇ ಮನೆ ಕಡೆ ನಡೆದ್ಲು.

ದಾರೀಲಿ ಪಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ. ಅಲ್ಲಿಗೆ ಬಂದಾಗ... ಗುಂಯ್ಯ್...

ನಿಂತ್ಲು. ಶಬ್ದಾನೂ ನಿಂತಿತು.

ಹೆಜ್ಜೆ ಇಟ್ಲು. ಗುಂಯ್ಯ್... ಬಾವಿಯಿಂದಲ್ಲ. ಬೆನ್ನಿಂದ. ಬೆನ್ನು ಸುಡ್ತಿತ್ತು.

ಬ್ಯಾಗೊಳಗೆ ಲ್ಯಾಪ್‌ಟಾಪಿನ ಫ್ಯಾನ್ ತಿರುಗ್ತಿತ್ತು.

ತಕ್ಷಣ ನನಗೆ ಫೋನ್. ಪಿಸುಮಾತು.

"ಲೋ ಕೋತಿ, ನಿಂದೇ ಕಿತಾಪತಿ ತಾನೆ?"

"ನಿನ್ನಾಣೆ ಅಕ್ಕಾ, ನಾನು ಹಾಸಿಗೇಲಿದ್ದೀನಿ."

"...ಹಾಗಾದ್ರೆ ಯಾರೋ?"

ನೋಡಿ, ಮನೇಲಿ ಏನೇ ಕೆಟ್ರೂ ನನ್ನ ತಲೆಗೇ. ದೆವ್ವಕ್ಕೂ ನಾನೇ ಜವಾಬು ಕೊಡ್ಬೇಕು!

ಫೋನ್ ಹಿಡ್ಕೊಂಡೇ ಲ್ಯಾಪ್‌ಟಾಪನ್ನ ಬಾವಿಕಟ್ಟೆ ಮೇಲಿಟ್ಟು ತೆರೆದ್ಲು. ಅದೇ ಓಟದ ಪರೀಕ್ಷೆ, ತಾನಾಗೇ ನಡೆದು ಆಗಷ್ಟೇ ಮುಗಿದಿತ್ತು. ಪರದೆ ಮೇಲೆ ಎರಡು ಸಾಲು. ಹಳೇದು, ಒಂಬತ್ತು ಸೆಕೆಂಡ್. ಹೊಸದು... ಅಳಿಸಿದ್ದಳಲ್ಲ, ಅದೇ... ಸೊನ್ನೆ.

ಆಗ ಜಾಲರಿಯೊಳಗಿಂದ, ಮೆಲ್ಲಗೆ... "ಇನ್ನೊಂದ್ ಸಲ..."

ಸರಿ ಸರಿ, ಬಾವಿ ಮಾತಾಡಿದ್ದು ನಾನು ಸೇರಿಸಿದ್ದು. ಇಲ್ಲದಿದ್ರೆ ನೀವು ಹೆದರ್ತಿರಲಿಲ್ಲ. ಹಾಗಂದಿದ್ದು ಬೆಳಗ್ಗೆ ಅದೇ ಸೀನಿಯರ್, ಆ ಸೊನ್ನೆ ನೋಡಿ, ಎಲ್ಲರೆದುರು ನಗ್ತಾ. ಅಕ್ಕ ಹೊಸದನ್ನ ಮತ್ತೆ ಹಾಕಿ ಓಡಿಸಿದ್ಲು. ಹಳೇದೇ ಗೆಲ್ತು. ಮೂರು ತಿಂಗಳು ಮಣ್ಣುಪಾಲು.

ಆದ್ರೆ ಸೊನ್ನೆ ನಾನು ಕಟ್ಟಿದ್ದಲ್ಲ, ನಿಜ. ಅಕ್ಕನ್ನೇ ನೋಡಿ ಬೇಕಾದ್ರೆ. ಬ್ಯಾಗ್ ಹೆಗಲಿಗೆ ಹಾಕೋ ಮುಂಚೆ, ಇವತ್ತಿಗೂ, ಕಿವಿ ಇಟ್ಟು ಕೇಳ್ತಾಳೆ.