ಸೋಮವಾರ ಬೆಳಿಗ್ಗೆ ಮರಳಿಸಬೇಕಾದ ಮಾಲು

ಅಧ್ಯಕ್ಷರಾದ ಹಲ್ಲಿನ ಡಾಕ್ಟರೇ, ಮುಖ್ಯ ಅತಿಥಿಗಳಾದ ಪ್ರಿನ್ಸಿಪಾಲರೇ, ಆಮಂತ್ರಣದಲ್ಲಿ ನನ್ನನ್ನು ಹೊಗಳಿ ಹೊಗಳಿ ನನಗೇ ನನ್ನ ಗುರುತು ಸಿಗದ ಹಾಗೆ ಮಾಡಿರುವ ಕಾರ್ಯದರ್ಶಿಗಳೇ, ಹವ್ಯಾಸಿ ಗಾಳಗಾರರ ಸಂಘದ ಸದಸ್ಯರೇ, ಅವರ ಮನೆಯವರೇ, ಸಭಿಕರೇ,

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟೆ ಎನ್ನುವುದಕ್ಕಿಂತ ಮೇಷ್ಟ್ರೇ ಬಿಡಿಸಿದರು ಎನ್ನಬಹುದು. ಹಾಗಾಗಿ ನನ್ನ ಮಾತಿನಲ್ಲಿ ನಯ ಹುಡುಕಬೇಡಿ. ಕೆರೆ ರಸ್ತೆಯಲ್ಲಿ ಮೂವತ್ತೆಂಟು ವರ್ಷದಿಂದ ಗಾಳ, ದಾರ, ಕೋಲು, ಎರೆಹುಳು ಮಾರಿಕೊಂಡು ಬಂದಿದ್ದೇನೆ. ಅದಕ್ಕೆ ‘ಸಂಘದ ಹಿರಿಯ ಹಿತೈಷಿ’ ಎಂದು ಫಲಕ ಮಾಡಿಸಿದ್ದೀರಿ. ಸಂತೋಷ. ಆದರೆ ಫಲಕ ಅಲ್ಲೇ ಇರಲಿ, ನಾನಿನ್ನೂ ಅದನ್ನು ಮುಟ್ಟಿಲ್ಲ. ಯಾಕೆ ಮುಟ್ಟಿಲ್ಲ ಎಂದು ಹೇಳಿಯೇ ಕೂರುತ್ತೇನೆ. ಹತ್ತು ನಿಮಿಷ ಎಂದು ಚೀಟಿ ಕೊಟ್ಟಿದ್ದಾರೆ. ಒಂದು ಮೀನಿಗೆ ನಾಲ್ಕು ಗಂಟೆ ಕಾಯುವವರು ನೀವು; ನನಗೂ ಸ್ವಲ್ಪ ಕಾಯಿರಿ.

ಆ ಗೋಡೆ ಪಕ್ಕದ ಮೇಜು ನೋಡಿ. ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಇವರು ಪ್ರತಿ ತಿಂಗಳು ಎರಡನೇ ಭಾನುವಾರ ಸೇರುತ್ತಾರೆ. ಹೊಸದಾಗಿ ಏನು ಕೊಂಡರೋ ಅದನ್ನು ತಂದು ಮೇಜಿನ ಮೇಲಿಟ್ಟು, ಎದ್ದು ನಿಂತು ನಾಲ್ಕು ಮಾತು ಹೇಳಬೇಕು. ಮಿಕ್ಕವರು ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ‘ಎಷ್ಟು ಹಗುರ ಇದೆಯಲ್ರೀ’ ಎನ್ನಬೇಕು. ಕೊಂಡವರಿಗೆ ಮುಂದಿನ ಸಾಲಿನ ಕುರ್ಚಿ. ಕೊಳ್ಳದವರಿಗೆ ಹಿಂದಿನ ಬೆಂಚು, ಚಪ್ಪಾಳೆ ತಟ್ಟುವುದಕ್ಕೆ.

ಇವತ್ತು ಅದರ ಮೇಲೆ ಏನೇನಿದೆ? ಮಡಚುವ ಕೋಲು ನಾಲ್ಕು. ಲೋಟ ಇಡಲು ತೂತಿರುವ ಕುರ್ಚಿ ಒಂದು. ನೀರಿನೊಳಗೆ ಮೀನೆಲ್ಲಿದೆ ಎಂದು ತೋರಿಸುವ ಯಂತ್ರ. ಎಲ್ಲ ಇದೆ. ಮೀನು ಎಲ್ಲಿ? ಕುಣಿಯಲಾರದವಳಿಗೆ ನೆಲ ಡೊಂಕಂತೆ. ನಿಮಗೆ ಪ್ರತಿ ತಿಂಗಳೂ ಕೋಲು ಡೊಂಕು, ಹಾಗಾಗಿ ಇನ್ನೊಂದು ಕೋಲು. ಹೋದ ವರ್ಷ ನೀವು ನಲವತ್ತು ಜನ ಸೇರಿ ಹಿಡಿದ ಮೀನಿನಲ್ಲಿ ಅರ್ಧ ಹಿಡಿದವನು ಒಬ್ಬನೇ. ಅವನು ಇವತ್ತು ಇಲ್ಲಿಲ್ಲ. ಬರಬೇಡ ಎಂದು ನೀವೇ ಅವನಿಗೆ ಪತ್ರ ಬರೆದಿದ್ದೀರಿ.

ಲಿಫ್ಟಣ್ಣನ ಮಾತು ಆಡುತ್ತಿದ್ದೇನೆ. ತಲೆ ತಗ್ಗಿಸಬೇಡಿ, ನನ್ನನ್ನೇ ನೋಡಿ.

ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ಲಿಫ್ಟು ನಡೆಸಿದ ಮನುಷ್ಯ. ‘ಈ ಊರಲ್ಲಿ ನನ್ನಷ್ಟು ಮೇಲೆ ಹೋದೋನು ಯಾರೂ ಇಲ್ಲ ಯಜಮಾನ್ರೇ, ಆದ್ರೆ ಪ್ರತಿ ಸಲಾನೂ ವಾಪಸ್ ಕೆಳಗೆ ಬಂದೆ’ ಎಂದು ಅವನೇ ನಗುತ್ತಾನೆ. ವಾರದಲ್ಲಿ ಆರು ದಿನ ಕಿಟಕಿಯಿಲ್ಲದ ಡಬ್ಬಿಯಲ್ಲಿ ಸ್ಟೂಲಿನ ಮೇಲೆ. ಏಳನೇ ದಿನ ನೀರಿನ ಮುಂದೆ. ಅವನ ಹತ್ತಿರ ಇರುವುದು ತುದಿ ಮುರಿದು ದಾರ ಸುತ್ತಿದ ಒಂದು ಬಿದಿರಿನ ಕೋಲು. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡನ್ನು ಸವೆದ ರಬ್ಬರ್ ಚಪ್ಪಲಿಯಿಂದ ತಾನೇ ಕೊರೆದುಕೊಳ್ಳುತ್ತಾನೆ. ಆ ಬೆಂಡು ಸ್ವಲ್ಪ ನಡುಗಿದರೆ ಸಾಕು, ಕೆಳಗಿರುವುದು ಯಾವ ಮೀನು ಎಂದು ಹೇಳುತ್ತಾನೆ. ನಿಮ್ಮ ಯಂತ್ರ ಹೇಳಲಿ ನೋಡೋಣ.

ಸಂಘಕ್ಕೆ ಸೇರಿದ ಹೊಸದರಲ್ಲಿ ಅವನು ಆ ಕೋಲನ್ನೇ ತಂದು ಮೇಜಿನ ಮೇಲಿಟ್ಟ. ಎರಡನೇ ತಿಂಗಳೂ ಅದನ್ನೇ ಇಟ್ಟ. ‘ಹೋದ ತಿಂಗಳೂ ಇದನ್ನೇ ತಂದಿದ್ರಲ್ಲ, ಮತ್ತೆ ಮರಿ ಹಾಕಿತಾ?’ ಎಂದು ಯಾರೋ ಕೇಳಿದರು. ಸಭೆಯೆಲ್ಲ ನಕ್ಕಿತು. ನಾನೂ ಇಲ್ಲೇ ಇದ್ದೆ. ನಾನೂ ನಕ್ಕೆ, ಅದು ಬೇರೆ ವಿಷಯ.

ಮುಂದಿನ ಸಭೆಯ ಹಿಂದಿನ ದಿನ ಅಂಗಡಿಗೆ ಬಂದ. ಬೇರೆ ಗಿರಾಕಿಗಳೆಲ್ಲ ಹೋಗುವವರೆಗೂ ಗಾಳಕ್ಕೆ ಭಾರ ಕಟ್ಟುವ ಸೀಸದ ಗುಂಡುಗಳನ್ನು ಆರಿಸುವವನ ಹಾಗೆ ನಿಂತಿದ್ದ. ಆಮೇಲೆ ಕಪಾಟಿನಲ್ಲಿದ್ದ, ದಾರ ಸುತ್ತುವ ಹೊಸ ರೀಲೊಂದನ್ನು ತೋರಿಸಿ ಹೇಳಿದ: ‘ಯಜಮಾನ್ರೇ, ಆ ರೀಲು ಒಂದು ದಿನಕ್ಕೆ ಕೊಡ್ತೀರಾ? ಸೋಮವಾರ ಬೆಳಿಗ್ಗೆ ತಂದು ಕೊಡ್ತೀನಿ.’

‘ಗೀರು ಬೀಳಬಾರದು’ ಎಂದೆ. ಕೊಟ್ಟೆ.

ಒಂದಲ್ಲ ಎರಡಲ್ಲ, ಹನ್ನೊಂದು ತಿಂಗಳು ಕೊಟ್ಟೆ. ಭಾನುವಾರ ಇಲ್ಲಿ ಇಡುತ್ತಿದ್ದ, ಸೋಮವಾರ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮುಂಚೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು. ಒಂದು ಸಲವೂ ಗೀರು ಬೀಳಲಿಲ್ಲ.

ಇದನ್ನು ನೀವು ‘ಮೋಸ’ ಎಂದಿದ್ದೀರಿ. ಹೇಗೆ ಗೊತ್ತಾಯಿತು? ಹೋದ ಸಭೆಯಲ್ಲಿ ಲಿಫ್ಟಣ್ಣ ತೋರಿಸಿದ ರೀಲನ್ನು ವಿಮೆ ಕಂಪನಿಯ ನಮ್ಮ ಕಾರ್ಯದರ್ಶಿಗಳು ಮೆಚ್ಚಿಕೊಂಡು, ಮಂಗಳವಾರ ನನ್ನ ಅಂಗಡಿಗೆ ಬಂದು ಅಂಥದ್ದೇ ಬೇಕೆಂದು ಕೊಂಡರು. ಅಂಥದ್ದು ಇದ್ದದ್ದು ಒಂದೇ. ಮನೆಗೆ ಹೋಗಿ ನೋಡಿದರೆ ಡಬ್ಬಿಯ ತಳದಲ್ಲಿ ಲಿಫ್ಟಣ್ಣ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಒಂದು ಚೀಟಿ. ಅದನ್ನು ಕಮಿಟಿಯಲ್ಲಿ ಓದಿ ನಕ್ಕರು. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಎಂದರು. ಹೆಸರು ಹೊಡೆದು ಹಾಕಿದರು. ಆಮೇಲೆ ನನ್ನ ಹತ್ತಿರ ಬಂದು, ‘ಬಳಸಿದ ಮಾಲು ನನಗೆ ಮಾರಿದ್ದೀರಿ, ಬೇರೆ ಕೊಡಿ’ ಎಂದು ಚೀಟಿಯನ್ನು ಗಲ್ಲಾದ ಮೇಲೆ ಒಗೆದರು. ನಾನು ಅದನ್ನು ಎತ್ತಿಟ್ಟುಕೊಂಡೆ. ಇಲ್ಲಿದೆ. ಕಮಿಟಿಯವರು ಮಾತ್ರ ಕೇಳಿದ್ದೀರಿ, ಮಿಕ್ಕವರೂ ಕೇಳಿ.

‘ಅಧ್ಯಕ್ಷರಿಗೆ ಕೈ ಮುಗಿಯುವುದು. ರೀಲನ್ನು ಎರಡು ಸಲ ತಿರುಗಿಸಿ ಸದ್ದು ಕೇಳಿಸುವುದು. ಹಗುರ ಎನ್ನುವುದು. ಬೆಲೆ ಕೇಳಿದರೆ ದೊಡ್ಡ ಮೀನು ತಪ್ಪಿಸಿಕೊಂಡ ಕಥೆ ಹೇಳುವುದು. ಯಜಮಾನರ ಅಂಗಡಿ ಹೆಸರು ಒಂದು ಸಲ ಹೇಳುವುದು, ಉಪಕಾರ ಮಾಡಿದ್ದಾರೆ. ಆಮೇಲೆ ಮುಂದಿನ ಸಾಲಿನಲ್ಲಿ ಕೂರುವುದು.’

ಇಷ್ಟೇ. ನಗು ಬರುತ್ತದೆಯೇ? ಬರುವುದಾದರೆ ನಗಿ. ನಾನು ಕಾಯುತ್ತೇನೆ.

ಮುಂದಿನ ಸಾಲಿನಲ್ಲಿ ಕೂರುವುದಕ್ಕೆ ಒಬ್ಬ ಮನುಷ್ಯ ಇಷ್ಟೆಲ್ಲ ಬರೆದುಕೊಂಡು ಬಾಯಿಪಾಠ ಮಾಡಬೇಕೇ? ಯಾರು ಮಾಡಿದ್ದು ಈ ಪದ್ಧತಿ? ಕೊಂಡವನು ಮುಂದೆ, ಕೊಳ್ಳದವನು ಹಿಂದೆ ಎಂದು ಹೇಳಿಕೊಟ್ಟವರು ಯಾರು?

ನೀರು ಕೊಡಿ ಸ್ವಲ್ಪ.

ನಾನೇ. ಹಳೆಯ ಸದಸ್ಯರಿಗೆ ನೆನಪಿದೆ, ಮುಖ ನೋಡಿದರೆ ಗೊತ್ತಾಗುತ್ತದೆ. ಆ ಮೇಜು ನನ್ನ ಅಂಗಡಿಯದು. ಸಂಘಕ್ಕೆ ದಾನ ಎಂದು ಕೊಟ್ಟೆ. ವ್ಯಾಪಾರ ಕುದುರಲಿ ಎಂದು ಕೊಟ್ಟೆ. ಕುದುರಿತು. ಇದನ್ನು ಹೇಳಲು ಬಂದಿರಲಿಲ್ಲ, ನಿಮ್ಮನ್ನು ಬೈಯಲು ಬಂದಿದ್ದೆ. ಬಾಯಿಗೆ ಬಂದಿದೆ, ಪೂರ್ತಿ ಹೇಳಿಬಿಡುತ್ತೇನೆ. ಲಿಫ್ಟಣ್ಣ ಮೊದಲ ಸಲ ಮಾತ್ರ ತನಗೆ ಬೇಕಾದ ರೀಲು ಕೇಳಿದ. ಅವನು ಅದರ ಬಗ್ಗೆ ಎಂಥ ಚೆಂದ ಮಾತಾಡಿದ್ದನೆಂದರೆ, ಆ ವಾರ ಅದನ್ನೇ ಕೇಳಿಕೊಂಡು ಮೂವರು ಬಂದರು. ಎರಡನೇ ತಿಂಗಳಿಂದ ಆರಿಸಿದವನು ನಾನು. ಯಾರೂ ಮೂಸಿ ನೋಡದೆ ಧೂಳು ಹಿಡಿದಿದ್ದನ್ನೇ ಒರೆಸಿ ಅವನ ಕೈಗಿಟ್ಟೆ. ನಮ್ಮ ಮನೆಯವಳು ಒಂದು ದಿನ, ‘ಅಲ್ಲ ರೀ, ಆ ಬಡಪಾಯಿ ಕೈಲಿ ಅಂಗಡಿ ಕಸ ಮಾರಿಸ್ತಿದ್ದೀರಲ್ಲ’ ಎಂದಳು. ‘ನಿನಗೇನು ಗೊತ್ತು, ಉಪಕಾರ ಮಾಡ್ತಿದ್ದೀನಿ’ ಎಂದು ರೇಗಿದೆ. ಚೀಟಿಯಲ್ಲೂ ಅದೇ ಮಾತು ಇದೆ ನೋಡಿ. ಉಪಕಾರ. ಕುಂಬಳಕಾಯಿ ಕಳ್ಳ ಎಂದು ನೀವು ಅವನನ್ನು ಕೂಗಿದಾಗ ಹೆಗಲು ಮುಟ್ಟಿ ನೋಡಿಕೊಂಡವನು ನಾನು.

ನಿನ್ನೆ ಮಧ್ಯಾಹ್ನ ಅವನ ಮನೆಗೆ ಹೋದೆ. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಕೊರೆಯುತ್ತಿದ್ದ. ಕೋಲು ಬಾಗಿಲ ಹಿಂದಿತ್ತು, ದಾರ ಬಿಚ್ಚಿತ್ತು.

‘ಕೆರೆ ಕಡೆ ಕಾಣ್ತಿಲ್ಲವಲ್ಲೋ?’ ಎಂದೆ.

‘ಕೆರೆ ಏನು ಸಂಘದ್ದಲ್ಲ ಯಜಮಾನ್ರೇ. ಆದ್ರೆ ಅಲ್ಲೂ ಅವರೇ ಇರ್ತಾರಲ್ಲ.’

‘ನಾಳೆ ನನಗೆ ಸನ್ಮಾನವಂತೆ. ಮೇಜಿನ ಮೇಲೆ ಇಡೋಕೆ ಏನೂ ಇಲ್ಲ. ಒಂದು ಬೆಂಡು ಮಾರು.’

‘ಅಂಗಡಿ ತುಂಬ ಮಾಲಿದೆ.’

‘ಅದು ಮಾರೋ ಮಾಲು ಕಣೋ. ನಾನು ಕೊಂಡಿದ್ದು ಅಂತ ಒಂದೂ ಇಲ್ಲ.’

ಕೈಯಲ್ಲಿದ್ದ ಬೆಂಡನ್ನು ಊದಿ ಪುಡಿ ಹಾರಿಸಿದ. ಆಮೇಲೆ, ‘ಚಪ್ಪಲಿ ತುಂಡು ನಾನು ಮಾರಲ್ಲ. ಒಂದು ದಿನಕ್ಕೆ ಬೇಕಾದ್ರೆ ತಗೊಂಡು ಹೋಗಿ. ಸೋಮವಾರ ಬೆಳಿಗ್ಗೆ ತಂದು ಕೊಡಿ’ ಎಂದ. ನಾನು ಬೀದಿಗೆ ಇಳಿದ ಮೇಲೆ ಹಿಂದಿನಿಂದ ಕೂಗಿ ಹೇಳಿದ: ‘ಗೀರು ಬೀಳಬಾರದು.’

ಇದೇ ಆ ಬೆಂಡು. ಹಿಂದಿನ ಬೆಂಚಿನವರಿಗೂ ಕಾಣಲಿ. ಒಂದು ಕಡೆ ನೀಲಿ, ಒಂದು ಕಡೆ ಹಿಮ್ಮಡಿ ಸವೆದ ಬಿಳಿ. ಮಾತಾಡುವ ಮುಂಚೆಯೇ ಇದನ್ನು ಮೇಜಿನ ಮೇಲಿಟ್ಟಿದ್ದೆ. ನಮ್ಮ ಅಧ್ಯಕ್ಷರು ಕೈಗೆತ್ತಿಕೊಂಡು, ‘ಎಷ್ಟು ಹಗುರ ಇದೆಯಲ್ರೀ, ಎಲ್ಲಿ ಕೊಂಡ್ರಿ?’ ಎಂದು ಕೇಳಿದರು. ‘ಮೊನ್ನೆ ಕೊಂಡೆ’ ಎಂದು ಹೇಳಿ, ಮುಂದಿನ ಸಾಲಿನಲ್ಲಿ ಕೂತೆ. ಸುಳ್ಳು ಹೇಳಿದೆ ಡಾಕ್ಟರೇ. ಎರವಲು ಮಾಲು ತೋರಿಸಿದ್ದೇನೆ.

ಈಗ ಸಂಘದ ನಿಯಮ ಒಂದೇ ಇರಬೇಕು. ಕಾರ್ಯದರ್ಶಿಗಳು ರಿಜಿಸ್ಟರು ತೆಗೆಯಲಿ. ಒಂದೋ ನನ್ನ ಹೆಸರೂ ಹೊಡೆದು ಹಾಕಿ, ಫಲಕವನ್ನು ಒಡೆದು ಒಲೆಗೆ ಹಾಕಿ. ಇಲ್ಲವೇ ಅವನ ಹೆಸರನ್ನು ಮೊದಲಿದ್ದ ಜಾಗದಲ್ಲೇ ಬರೆದು, ಬಾ ಎಂದು ಒಂದು ಪತ್ರ ಕೊಡಿ. ಮೇಜನ್ನು ಮಾತ್ರ ನಾನು ಇವತ್ತೇ ಹೊತ್ತುಕೊಂಡು ಹೋಗುತ್ತೇನೆ, ಅದರ ಮೇಲಿರುವುದನ್ನೆಲ್ಲ ತೆಗೆದುಕೊಳ್ಳಿ. ಇನ್ನು ಮೇಲೆ ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಕೂರಿ. ಸುತ್ತ ಕೂತರೆ ಹಿಂದಿನ ಸಾಲು ಇರುವುದಿಲ್ಲ.

ನಾಳೆ ಸೋಮವಾರ. ಬೆಳಿಗ್ಗೆ ಅವನು ಬಾಗಿಲು ತೆಗೆಯುವ ಮುಂಚೆ ನಾನು ಆ ಮೆಟ್ಟಿಲ ಮೇಲೆ ಕೂತಿರಬೇಕು. ಬೆಂಡಂತೂ ಕೈಯಲ್ಲಿರುತ್ತದೆ. ಪತ್ರ ಇರುತ್ತದೋ ಇಲ್ಲವೋ ನೀವು ಹೇಳಿ.

ಬೈಸಿಕೊಂಡೂ ಎದ್ದು ಹೋಗದೆ ಕೂತಿದ್ದಕ್ಕೆ ನಿಮಗೆಲ್ಲ ಉಪಕಾರ. ಅಲ್ಲ, ಆ ಮಾತು ಬೇಡ. ವಂದನೆಗಳು. ನಮಸ್ಕಾರ.